ಹ್ಯಾಮ್ ರೇಡಿಯೋ ಸೆಟ್ಟು ಸಿಡಿಲಿಗೆ ಸುಡದಂತೆ ನೋಡಿಕೊಳ್ಳುವುದು ಹೇಗೆ?

ಮಾರ್ಚ್‌ನಲ್ಲಿ ಹೂಮಳೆ ಬಂತು ಅಂದ್ರೆ ಕೊಡಗಿನ ಕಾಫಿ ಬೆಳೆಗಾರರಿಗೆ ಜೀವ ಬಂದ ಹಾಗೆ. ತೋಟದ ಸಿಲ್ವರ್ ಓಕ್ ಮರಕ್ಕೆ ಆಂಟೆನಾ ತಂತಿ ಕಟ್ಟಿರುವ ನಮ್ಮಂಥ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಕ್ಕೆ ರೇಡಿಯೋ ಸಂಪರ್ಕ ನಡೆಸುವವರಿಗೆ, ಮಾತ್ರ ಅವತ್ತಿನಿಂದ ಎದೆ ಢವಢವ. ಮೇ ಕೊನೆಯವರೆಗೂ ಸಂಜೆ ಗುಡುಗು, ಅಕ್ಟೋಬರ್‌ನಲ್ಲಿ ಮತ್ತೆ ಅದೇ.

ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಒಂದು ಏಪ್ರಿಲ್ ಸಂಜೆ ನೂರು ಮೀಟರ್ ಆಚೆಯ ಮರಕ್ಕೆ ಸಿಡಿಲು ಬಡಿಯಿತು. ಆಂಟೆನಾ ಕೇಬಲ್ ಬಿಚ್ಚಿಟ್ಟಿದ್ದೆ. ಪವರ್ ಸಪ್ಲೈ ಪ್ಲಗ್ ಗೋಡೆಯಲ್ಲೇ ಇತ್ತು, ಕಂಪ್ಯೂಟರಿಗೆ ಹೋಗುವ ಯುಎಸ್‌ಬಿ ವೈರೂ ಹಾಗೇ ಇತ್ತು. ಮಾರನೇ ದಿನ ಸೆಟ್ ಬಿಚ್ಚಿದರೆ ಯುಎಸ್‌ಬಿ ಪೋರ್ಟ್ ಪಕ್ಕದ ಚಿಪ್‌ನಲ್ಲಿ ಸಾಸಿವೆ ಕಾಳಿನಷ್ಟು ತೂತು, ಸುತ್ತ ಕಪ್ಪು ಮಸಿ. ಆಂಟೆನಾ ಕಡೆಯ ಭಾಗ ಹೊಸದರಂತೇ ಇತ್ತು!

ಯಾಕೆ ಹೀಗೆ? ಸಿಡಿಲು ನೇರ ಬಡಿಯಬೇಕಂತೇನಿಲ್ಲ. ಹತ್ತಿರ ಬಿದ್ದರೂ ಕರೆಂಟ್ ಲೈನು, ಇಂಟರ್ನೆಟ್ ವೈರು, ಆಂಟೆನಾ ಕೇಬಲ್ ಒಂದೊಂದರಲ್ಲೂ ಒಂದೊಂದು ವೋಲ್ಟೇಜ್ ಏಳುತ್ತದೆ. ಇವೆಲ್ಲ ಬಂದು ಸೇರುವುದು ನಿಮ್ಮ ಸೆಟ್ಟಿನಲ್ಲಿ. ಅಲ್ಲಿ ಆ ವ್ಯತ್ಯಾಸವೇ ಸುಡುತ್ತದೆ. ಹಾಗಾಗಿ ಎಲ್ಲ ವೈರುಗಳಿಗೂ ಒಂದೇ ಅರ್ತ್ ಸಿಗಬೇಕು, ಇದನ್ನು ಬಿಟ್ಟು ಉಳಿದದ್ದೆಲ್ಲ ಆಮೇಲಿನ ಮಾತು.

ಮೊದಲು ಅರ್ತ್ ಹಾಕಿ. ಕೇಬಲ್ ಮನೆಯೊಳಗೆ ಬರುವ ಜಾಗದ ಹತ್ತಿರವೇ, ಹೊರಗೆ, ತಾಮ್ರ ಲೇಪಿಸಿದ ಎಂಟು ಅಡಿ ರಾಡ್ ಇಳಿಸಿ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಏಪ್ರಿಲ್‌ನಲ್ಲಿ ಒಣಗಿ ಕಲ್ಲಾಗಿರುತ್ತದೆ, ಒಂದು ರಾಡ್ ಸಾಲುವುದು ಕಷ್ಟ. ಎರಡು ಮೂರು ಹಾಕಿ, ನಡುವೆ ಹದಿನಾರು ಅಡಿ ಬಿಡಿ, ಒಂದಕ್ಕೊಂದು ಜೋಡಿಸಿ. ಉಪ್ಪು ಇದ್ದಿಲು ತುಂಬಿದರೆ ಸಾಕು ಅಂತ ಹೇಳುವವರು ತುಂಬಾ ಜನ, ಆದರೆ ನಮ್ಮ ಮಳೆಗೆ ಉಪ್ಪು ತೊಳೆದು ಹೋಗುತ್ತದೆ, ಇರುವಷ್ಟು ದಿನ ಲೋಹವನ್ನೂ ತಿನ್ನುತ್ತದೆ. ಜೋಡಣೆಗೆ ಬೆಸುಗೆ ಬೇಡ, ಸಿಡಿಲಿನ ಕರೆಂಟಿಗೆ ಕರಗಿಬಿಡುತ್ತದೆ. ಗಟ್ಟಿ ಕ್ಲಾಂಪ್ ಹಾಕಿ.

ಈ ರಾಡುಗಳನ್ನು ಮನೆಯ ಮೀಟರ್ ಅರ್ತ್‌ಗೆ ದಪ್ಪ ತಾಮ್ರದಲ್ಲಿ ಸೇರಿಸಲೇಬೇಕು. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ರೇಡಿಯೋಗೆ ಬೇರೆ ಅರ್ತ್, ಮನೆಗೆ ಬೇರೆ ಅಂತ ಬಿಟ್ಟರೆ ಆ ಎರಡರ ನಡುವಿನ ದಾರಿ ನಿಮ್ಮ ಸೆಟ್ಟೇ ಆಗುತ್ತದೆ.

ಆಮೇಲೆ ಕಿಟಕಿ ಹೊರಗೆ ಒಂದು ಲೋಹದ ತಟ್ಟೆ ಕೂರಿಸಿ. ಎಲ್ಲ ಕೇಬಲ್‌ಗಳೂ, ಆಂಟೆನಾ ತಿರುಗಿಸುವ ಮೋಟರಿನ (ರೋಟರ್) ವೈರ್ ಇದ್ದರೆ ಅದೂ, ಈ ತಟ್ಟೆ ದಾಟಿಯೇ ಒಳಗೆ ಬರಬೇಕು. ಪ್ರತಿ ಕೇಬಲ್‌ಗೂ ಇಲ್ಲೇ ಗ್ಯಾಸ್ ಟ್ಯೂಬ್ ಇರುವ ಅರೆಸ್ಟರ್, ಅಂದರೆ ಹೆಚ್ಚಿನ ವೋಲ್ಟೇಜನ್ನು ಅರ್ತ್‌ಗೆ ದಾಟಿಸುವ ಸಾಧನ. ತಟ್ಟೆಯಿಂದ ರಾಡಿಗೆ ಅಗಲ ತಾಮ್ರದ ಪಟ್ಟಿ, ಆದಷ್ಟು ಗಿಡ್ಡ, ಆದಷ್ಟು ನೇರ. ಸಿಡಿಲಿನ ಕರೆಂಟು ಮೈಕ್ರೊಸೆಕೆಂಡುಗಳಲ್ಲಿ ಏರುತ್ತದೆ, ಅಷ್ಟು ವೇಗಕ್ಕೆ ಒಂದೇ ಮೀಟರ್ ತಂತಿಯಲ್ಲೂ ಸಾವಿರಾರು ವೋಲ್ಟ್ ನಿಲ್ಲಬಹುದು. ಹೆಚ್ಚಾದ ತಂತಿಯನ್ನು ಸುಮ್ನೆ ಸುರುಳಿ ಸುತ್ತಿ ಇಡಬೇಡಿ. ಅರ್ತ್ ಇಲ್ಲದ ಅರೆಸ್ಟರ್ ಬರೀ ಒಂದು ಜಾಯಿಂಟ್ ಅಷ್ಟೆ.

ಇಷ್ಟೆಲ್ಲ ಮಾಡಿದ ಮೇಲೂ ಪ್ಲಗ್ ಕೀಳಲೇಬೇಕು, ಅದೂ ಮೊದಲೇ. ಫೋನಿನಲ್ಲಿ ದಾಮಿನಿ ಆ್ಯಪ್ ಹಾಕಿಕೊಳ್ಳಿ, ಪುಣೆಯ ಹವಾಮಾನ ಸಂಸ್ಥೆ ಐಐಟಿಎಂ ಮಾಡಿದ್ದು, ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಕೆಲವು ಎಸ್ಟೇಟ್‌ಗಳಲ್ಲಿ ನೆಟ್‌ವರ್ಕೇ ಇರಲ್ಲ, ಅಲ್ವಾ? ಹಾಗಾದರೆ ಎಣಿಸಿ. ಮಿಂಚಿನಿಂದ ಗುಡುಗಿಗೆ ಮೂರು ಸೆಕೆಂಡ್ ಅಂದರೆ ಸುಮಾರು ಒಂದು ಕಿಲೋಮೀಟರ್. ಮೂವತ್ತು ಸೆಕೆಂಡಿಗಿಂತ ಕಡಿಮೆ ಬಂತೋ, ಕೇಬಲ್ ಮುಟ್ಟುವ ಹೊತ್ತು ಮೀರಿತು ಅಂತಲೇ ತಿಳಿಯಿರಿ. ಆಗ ಸೆಟ್ಟು ಹೋದರೆ ಹೋಗಲಿ, ನೀವು ದೂರ ಇರಿ.

ಬಿಚ್ಚುವಾಗ ಆಂಟೆನಾ, ಕರೆಂಟ್ ಪ್ಲಗ್, ಲ್ಯಾನ್, ಯುಎಸ್‌ಬಿ ನಾಲ್ಕೂ ಬಿಚ್ಚಿ. ಆಂಟೆನಾ ಕೇಬಲ್‌ನ ತುದಿಯನ್ನು ಮೇಜಿನ ಮೇಲೆ ಬಿಡಬೇಡಿ, ಹೊರಗಿನ ತಟ್ಟೆಯ ಹತ್ತಿರವೇ ಬಿಚ್ಚಿ ಅಲ್ಲೇ ಬಿಡಿ. ಅದನ್ನು ಗಾಜಿನ ಬಾಟಲಿಯೊಳಗೆ ತೂರಿಸಿಡುವ ಹಳೆಯ ಪದ್ಧತಿಯಿಂದ ಏನೂ ಪ್ರಯೋಜನವಿಲ್ಲ.

ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದಮೇಲೆ ಮತ್ತೆ ಜೋಡಿಸಿ. ಹತ್ತಿರದಲ್ಲೇ ಬಿದ್ದಿದ್ದರೆ ಟ್ರಾನ್ಸ್‌ಮಿಟ್ ಒತ್ತುವ ಮೊದಲು ಅರೆಸ್ಟರ್‌ನ ಗ್ಯಾಸ್ ಟ್ಯೂಬ್ ಬದಲಾಯಿಸಿ. ಆಮೇಲೆ ಕಡಿಮೆ ಪವರ್‌ನಲ್ಲಿ ಎಸ್‌ಡಬ್ಲ್ಯೂಆರ್ (ಆಂಟೆನಾ ಸೆಟ್ಟಿಗೆ ಸರಿಯಾಗಿ ಹೊಂದುತ್ತಿದೆಯಾ ಅಂತ ತೋರಿಸುವ ಅಳತೆ) ನೋಡಿ. ಮೊದಲಿಗಿಂತ ಜಾಸ್ತಿ ತೋರಿಸಿದರೆ ಕನೆಕ್ಟರ್ ಬಿಚ್ಚಿ ಒಳಗಿನ ಪಿನ್ ಕಪ್ಪಾಗಿದೆಯಾ ಅಂತ ನೋಡಿ.