ಕವಡೆ ಹಾಕಿ ಅಟ್ಟ ಖಾಲಿ ಮಾಡಿದ ಮೂರು ಭಾನುವಾರಗಳು

ದಸರೆಗೆ ಗೊಂಬೆ ಕೂರಿಸುವ ಮನೆಯವರಿಗೆ ಅಟ್ಟದ ಪಾಡನ್ನು ವಿವರಿಸಬೇಕಾಗಿಲ್ಲ. ಗೊಂಬೆಯ ಪೆಟ್ಟಿಗೆ ಇಳಿಯಬೇಕಾದರೆ ಅದರ ಮುಂದೆ ವರ್ಷವಿಡೀ ಒಟ್ಟಿದ ನೋಟ್‌ಪುಸ್ತಕ, ಮುರಿದ ಮೂರು ಚಕ್ರದ ಸೈಕಲ್ಲು, ಖಾಲಿ ರಟ್ಟಿನ ಡಬ್ಬಗಳು ಮೊದಲು ಇಳಿಯಬೇಕು. ಮೈಸೂರಿನ ನಮ್ಮ ಮನೆಯಲ್ಲಿ ಈ ಕೆಲಸವನ್ನು ಹನ್ನೊಂದರ ಮಗಳಿಗೂ ಏಳರ ಮಗನಿಗೂ ಒಪ್ಪಿಸುತ್ತೇನೆಂದಾಗ ಅತ್ತೆಯವರು, "ಮಕ್ಕಳ ಕೈಗೆ ಕೊಟ್ಟರೆ ಬೇಡದ್ದು ಉಳಿಯುತ್ತದೆ, ಬೇಕಾದ್ದು ಹೋಗುತ್ತದೆ, ನೋಡಮ್ಮ" ಎಂದಿದ್ದರು. ಅದಕ್ಕೆ ಮೊದಲು ನಾನು ಮೂರು ಸಲ ಸೋತಿದ್ದರಿಂದ ಅವರ ಅನುಮಾನಕ್ಕೆ ಕಾರಣವೂ ಇತ್ತು.

ಮೊದಲ ಸಲ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಗಳಿಗೆ ಸುಮಾರು 2,400 ರೂಪಾಯಿ ಸುರಿದೆ. ಕಸವೆಲ್ಲ ಅಂದವಾಗಿ ಪೆಟ್ಟಿಗೆಯೊಳಗೆ ಸೇರಿತೇ ಹೊರತು ಮನೆಯಿಂದ ಒಂದು ವಸ್ತುವೂ ಹೊರಗೆ ಹೋಗಲಿಲ್ಲ. ಎರಡನೆಯ ಸಲ, ಹೊರಹಾಕಿದ ವಸ್ತುವಿಗೆ ಒಂದು ರೂಪಾಯಿಯಂತೆ ಕೂಲಿ ಗೊತ್ತುಮಾಡಿದೆ. ಎರಡು ಗಂಟೆಯಲ್ಲಿ ನೂರರವತ್ತು ರೂಪಾಯಿ ಕೈಬಿಟ್ಟಿತು. ಸಂಜೆ ಚೀಲ ತೆರೆದು ನೋಡಿದರೆ ಅದೇ ವರ್ಷದ ಗಣಿತದ ಪುಸ್ತಕವೂ ಇಡ್ಲಿ ತಟ್ಟೆಗಳನ್ನು ಜೋಡಿಸುವ ಕಂಬಿಯೂ ಗುಜರಿಗೆ ಸಿದ್ಧವಾಗಿದ್ದವು, ಅಕ್ಕ ತಮ್ಮನ ಆಟಿಕೆಗಳನ್ನೇ ಆರಿಸಿ ಆರಿಸಿ ಹಾಕಿದ್ದಳು. ಮೂರನೆಯ ಸಲ ಮಾಡಿದ್ದು ನನ್ನ ತಪ್ಪು: ಮಕ್ಕಳು ಶಾಲೆಗೆ ಹೋಗಿದ್ದಾಗ ನಾನೇ ತೆಗೆದುಹಾಕಿದೆ. ಬಾಲವಿಲ್ಲದ ಮರದ ಕುದುರೆಯೊಂದಕ್ಕಾಗಿ ಮಗ ಎರಡು ದಿನ ಅತ್ತ. ಆಮೇಲೆ ತಿಂಗಳುಗಟ್ಟಲೆ ಖಾಲಿ ಬೆಂಕಿಪೊಟ್ಟಣವನ್ನೂ ಬಚ್ಚಿಡತೊಡಗಿದ. ಕಸಿದುಕೊಳ್ಳುವರೆಂಬ ಭಯವಿರುವ ತನಕ ಮಗು ಏನನ್ನೂ ಬಿಡುವುದಿಲ್ಲವೆಂಬುದು ನನಗೆ ಗೊತ್ತಾದದ್ದು ಆಗಲೇ.

ದಾರಿ ತೋರಿಸಿದ್ದು ಚೌಕಾಬಾರ. ಆ ಆಟದಲ್ಲಿ ಕಟ್ಟೆಯ ಮೇಲೆ ಕುಳಿತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಮಹಾಲಯ ಅಮಾವಾಸ್ಯೆಗೆ ಮೂರು ಭಾನುವಾರ ಮೊದಲೇ ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಇಬ್ಬರಿಗೂ ಒಂದೊಂದು ಕಟ್ಟೆ ಬರೆದು, ಅಡ್ಡಗೆರೆ ಎಳೆದುಕೊಟ್ಟೆ. ನಾಲ್ಕು ಕವಡೆ ಹಾಕಬೇಕು, ಎಷ್ಟು ಬಿದ್ದಿತೋ ಅಷ್ಟು ವಸ್ತುಗಳನ್ನು ಇಳಿಸಬೇಕು. ನಾಲ್ಕೂ ಅಂಗಾತ ಬಿದ್ದು ಚೌಕವಾದರೆ ನಾಲ್ಕು, ನಾಲ್ಕೂ ಬೋರಲಾಗಿ ಬಾರವಾದರೆ ಎಂಟು, ಜೊತೆಗೆ ಇನ್ನೊಂದು ಸಲ ಹಾಕುವ ಅವಕಾಶ. ಇಳಿಸಿದ ವಸ್ತು ಬಳಕೆಗೆ, ಕೊಡುವುದಕ್ಕೆ ಅಥವಾ ಗುಜರಿಗೆ ಹೋಗಬೇಕು. ಯಾವುದನ್ನು ಬಿಡಲು ಮನಸ್ಸು ಬಾರದೋ ಅದನ್ನು ಕಾರಣ ಹೇಳದೆ ಕಟ್ಟೆಯ ಮೇಲಿಡಬಹುದು, ಅದನ್ನು ನಾನೂ ಮುಟ್ಟುವುದಿಲ್ಲ. ಆದರೆ ಕಟ್ಟೆ ತುಂಬಿದ ಮೇಲೆ ಹೊಸದೊಂದು ಹತ್ತಬೇಕಾದರೆ ಹಳೆಯದೊಂದು ಇಳಿಯಲೇಬೇಕು. ಒಂದೂವರೆ ಅಡಿಯ ಕಟ್ಟೆ ನಮಗೆ ಸರಿಹೋಯಿತು. ಮೊದಲ ದಿನ ಮೂರಡಿ ಬರೆದಿದ್ದಾಗ ಏನೂ ಕದಲಿರಲಿಲ್ಲ. ಯಾವ ಮೂಲೆಯಿಂದ ಆಟ ಶುರುಮಾಡಬೇಕೆಂಬುದರಲ್ಲಿ ನನ್ನದೊಂದು ಉಪಾಯವಿದೆ, ಮಕ್ಕಳೂ ಇದನ್ನು ಓದುತ್ತಾರಾದ್ದರಿಂದ ಅದನ್ನು ಬರೆಯುವುದಿಲ್ಲ. ಮುಕ್ಕಾಲು ಗಂಟೆಯಾದೊಡನೆ, ಇನ್ನೊಂದು ಆಟವೆಂದು ಗೋಗರೆದರೂ ಕವಡೆ ಎತ್ತಿಡುತ್ತೇನೆ. ಮುಂದಿನ ಭಾನುವಾರ ಬೆಳಗಾಗುತ್ತಲೇ ಅವರೇ ಕವಡೆ ಹುಡುಕುವುದು ಅದರಿಂದಲೇ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಹಳೆಯ ಚನ್ನಪಟ್ಟಣದ ಗೊಂಬೆಗಳನ್ನು ಹೊಸದರಂತೆ ಮಾಡುತ್ತೇವೆಂದು ಮಕ್ಕಳು ಸೋಪಿನ ನೀರಿನಲ್ಲಿ ಒಂದು ಗಂಟೆ ನೆನೆಹಾಕಿದರು, ಮರ ಉಬ್ಬಿ ಗಾಡಿಯ ಚಕ್ರಗಳು ತಿರುಗದಾದವು. ಉಳಿದವನ್ನು ಒಣಬಟ್ಟೆಯಿಂದ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿದ್ದು ಚೆನ್ನಾಗಿಯೇ ಹೊಳೆಯಿತು. ಸಾಮಾನು ತೂಗಲು ತಂದ ಕೊಕ್ಕೆಯ ಸಣ್ಣ ತಕ್ಕಡಿಗೆ ಮುನ್ನೂರರ ಸುಮಾರು ಖರ್ಚಾಯಿತು, ಅದು ದಂಡವಾಗಲಿಲ್ಲ. ಮಕ್ಕಳು ಪತ್ರಿಕೆಗಳನ್ನು ತೂಗಿ, ಮೂವತ್ತಾರು ಕಿಲೋ ಎಂದು ಬರೆದಿಟ್ಟಿದ್ದರು. ಗುಜರಿಯವರ ತಕ್ಕಡಿಯಲ್ಲಿ ಅದು ಮೂವತ್ತೆರಡಾದಾಗ ಮಗಳು ಚೀಟಿ ಮುಂದಿಟ್ಟು ಮತ್ತೆ ತೂಗಿಸಿದಳು. ಪತ್ರಿಕೆಗೆ ಕಿಲೋಗೆ ಹದಿನಾಲ್ಕರಂತೆ, ನೋಟ್‌ಪುಸ್ತಕಕ್ಕೆ ಹತ್ತರಂತೆ, ಕಬ್ಬಿಣ ಪ್ಲಾಸ್ಟಿಕ್ಕೆಲ್ಲ ಸೇರಿ ಎಂಟುನೂರೈವತ್ತರಷ್ಟು ಬಂದಿತು. ಪ್ರತಿವರ್ಷ ಒಂದಾದರೂ ಹೊಸ ಗೊಂಬೆ ಕೂರಿಸುವ ವಾಡಿಕೆಯಂತೆ, ಆ ಹಣಕ್ಕೆ ನಾನು ಮುನ್ನೂರೈವತ್ತು ಸೇರಿಸಿ ಮದುವೆ ದಿಬ್ಬಣದ ಮಣ್ಣಿನ ಗೊಂಬೆಗಳನ್ನು ಕೊಡಿಸಿದೆ. ಗೊಂಬೆ ನೋಡಲು ಬಂದವರಿಗೆಲ್ಲ ಮಗ, "ಇದು ನಮ್ಮ ಅಟ್ಟದ ದುಡ್ಡಿನದು" ಎಂದು ತೋರಿಸುತ್ತಿದ್ದ. ಆಮೇಲೆ ನಾದಿನಿಯ ಮನೆಯಲ್ಲೂ ಪಕ್ಕದ ಎರಡು ಮನೆಗಳಲ್ಲೂ ಈ ಕ್ರಮವನ್ನೇ ಹಿಡಿದರೆಂಬುದು ನನಗೆ ಹೆಮ್ಮೆಯ ವಿಷಯ.

ಆಯುಧಪೂಜೆಯ ಹಿಂದಿನ ಸಂಜೆ ಅತ್ತೆಯವರು ತಮ್ಮ ಕಬ್ಬಿಣದ ಟ್ರಂಕನ್ನು ನಡುಮನೆಗೆ ತರಿಸಿ, "ನನಗೂ ಒಂದು ಕಟ್ಟೆ ಬರೆದುಕೊಡು, ಪುಟ್ಟಿ" ಎಂದು ಮೊಮ್ಮಗಳನ್ನು ಕೇಳಿದರು. ಮೊದಲ ಸಲಕ್ಕೇ ಬಾರ ಬಿತ್ತು. ಎಂಟು ವಸ್ತುಗಳು ಇಳಿದವು. ಅವುಗಳಲ್ಲಿ ಏಳನ್ನು ಕೊಡುವ ಗುಂಪಿಗೆ ಹಾಕಿ, ಮಾವನವರ ಕನ್ನಡಕದ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಮತ್ತೆ ಕವಡೆಗೆ ಕೈಚಾಚಿದರು.