ಪವರ್ ಬ್ಯಾಂಕ್ ಹೊಗೆಯಾಡಿದರೆ ಗಗನಸಖಿಯರು ಏನು ಮಾಡಬೇಕು?

ಚೌತಿಗೆ ಊರಿಗೆ ಹೊರಟವರಿಂದ ಮುಂಬೈ–ಮಂಗಳೂರು ವಿಮಾನ ತುಂಬಿದಾಗ ತಲೆ ಮೇಲಿನ ಬಿನ್‌ಗಳಲ್ಲಿ ಜಾಗ ಸಾಲುವುದಿಲ್ಲ. ಕೆಲವರ ಬ್ಯಾಗಿಗೆ ಬಾಗಿಲಲ್ಲೇ ಚೀಟಿ ಕಟ್ಟಿ ಕೆಳಗಿನ ಕಾರ್ಗೋಗೆ ಕಳಿಸುತ್ತಾರೆ. ಬೆಂಕಿ ತಡೆಯುವ ಕೆಲಸ ಶುರುವಾಗುವುದು ಇಲ್ಲಿಂದಲೇ. ಚೀಟಿ ಕಟ್ಟುವ ಮುನ್ನ "ಪವರ್ ಬ್ಯಾಂಕ್ ಇದ್ದರೆ ತೆಗೆದು ಕೈಯಲ್ಲಿಟ್ಟುಕೊಳ್ಳಿ" ಎಂದು ಹೇಳಲೇಬೇಕು. ಮಾಹಿಂ ಹಲ್ವದ ಡಬ್ಬಿಯಡಿ ಹುದುಗಿದ್ದನ್ನು ಹುಡುಕಲು ಎರಡು ನಿಮಿಷ ಹೋದರೆ ಹೋಗಲಿ. ಕಾರ್ಗೋದಲ್ಲಿ ಹೊತ್ತಿಕೊಂಡರೆ ನೀರು ಸುರಿಯಲು ಅಲ್ಲಿ ಯಾರೂ ಇರುವುದಿಲ್ಲ.

ಪವರ್ ಬ್ಯಾಂಕಿನ ಸಾಮರ್ಥ್ಯ 100 ವ್ಯಾಟ್-ಅವರ್‌ವರೆಗಿದ್ದರೆ ತಕರಾರಿಲ್ಲ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕೂ ಮೇಲಿನದು ಹತ್ತುವಂತೆಯೇ ಇಲ್ಲ. ಅದರ ಮೇಲೆ ಎಂಎಎಚ್ (ಮಿಲಿಆಂಪ್-ಅವರ್) ಮಾತ್ರ ಬರೆದಿದ್ದರೆ ಅದನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ: 20,000 ಎಂದರೆ 74 ವ್ಯಾಟ್-ಅವರ್, 30,000 ಎಂದರೆ 111.

ಹೊಗೆ ಕಂಡೊಡನೆ ಮೂವರು ಮೂರು ಕೆಲಸ ಹಂಚಿಕೊಳ್ಳಬೇಕು. ಮೊದಲು ನೋಡಿದವರೇ ಬೆಂಕಿ ಆರಿಸಲು ಇಳಿಯುತ್ತಾರೆ. ಇನ್ನೊಬ್ಬರು ಇಂಟರ್‌ಫೋನ್ ಹಿಡಿದು ಎಷ್ಟನೇ ಸಾಲು, ಹೊಗೆಯ ಬಣ್ಣ, ವಾಸನೆ, ಈಗ ಏನು ನಡೆಯುತ್ತಿದೆ ಎಂಬುದನ್ನು ಕ್ಯಾಪ್ಟನ್‌ಗೆ ಬಿಡದೆ ಹೇಳುತ್ತಿರುತ್ತಾರೆ. ಮೂರನೆಯವರು ಬೆಂಕಿ ಆರಿಸುವ ಹ್ಯಾಲಾನ್ ಅನಿಲದ ಎರಡನೇ ಬಾಟಲಿ, ನೀರು, ಸ್ಮೋಕ್ ಹುಡ್ (ಹೊಗೆಯಿಂದ ಕಾಪಾಡುವ ತಲೆಗವಸು) ತರುತ್ತಾರೆ; ಹತ್ತಿರದ ಆಕ್ಸಿಜನ್ ಸಿಲಿಂಡರನ್ನು ದೂರ ಸಾಗಿಸುತ್ತಾರೆ. ಅಕ್ಕಪಕ್ಕದ ಸಾಲಿನವರನ್ನು ಎಬ್ಬಿಸಿ ಬೇರೆಡೆ ಕಳಿಸಿ, ತಲೆ ತಗ್ಗಿಸಿ ಮೂಗಿಗೆ ಒದ್ದೆ ಬಟ್ಟೆ ಹಿಡಿಯಲು ಹೇಳಬೇಕು. ಈ ಮಾರ್ಗದಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಕೂಗಿದರೆ ಅಜ್ಜ ಅಜ್ಜಿಯರು ಬೇಗ ಏಳುತ್ತಾರೆ. ಹೊಗೆಗೆಂದು ಮೇಲಿನ ಆಕ್ಸಿಜನ್ ಮಾಸ್ಕ್ ಬೀಳಿಸಬಾರದು. ಅದರಲ್ಲಿ ಕ್ಯಾಬಿನ್ ಗಾಳಿಯೂ ಬೆರೆಯುವುದರಿಂದ ಹೊಗೆ ತಡೆಯುವುದಿಲ್ಲ. ಮೇಲಾಗಿ ಬೆಂಕಿಗೆ ಆಕ್ಸಿಜನ್ ಉಣಿಸಿದಂತಾಗುತ್ತದೆ.

ಸ್ಮೋಕ್ ಹುಡ್ ಹಾಕಿಕೊಂಡು ಜ್ವಾಲೆಯ ಬುಡಕ್ಕೆ ಹ್ಯಾಲಾನ್ ಹೊಡೆಯಿರಿ. ಜ್ವಾಲೆ ಆರಿತೆಂದು ಅಲ್ಲಿಗೇ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹ್ಯಾಲಾನ್ ಬೆಂಕಿಯನ್ನು ಆರಿಸುತ್ತದೆ, ಬ್ಯಾಟರಿಯನ್ನು ತಣಿಸುವುದಿಲ್ಲ. ಒಳಗೆ ಒಂದು ಸೆಲ್ ಕಾದು ಪಕ್ಕದ್ದನ್ನು ಕಾಯಿಸುತ್ತದೆ, ಅದು ಮುಂದಿನದನ್ನು. ಕೆಲವು ನಿಮಿಷ ಬಿಟ್ಟು ಮತ್ತೆ ಭುಗಿಲೇಳುತ್ತದೆ. ಆದ್ದರಿಂದ ತಡಮಾಡದೆ ನೀರು ಸುರಿಯಬೇಕು, ಧಾರಾಳವಾಗಿ. ನೀರು ಮುಗಿದರೆ ಜ್ಯೂಸ್, ಸೋಡಾ, ಗ್ಯಾಲಿಯಲ್ಲಿರುವ (ವಿಮಾನದ ಅಡುಗೆಕೋಣೆ) ಮದ್ಯವಲ್ಲದ ಯಾವ ಪಾನೀಯವಾದರೂ ಆದೀತು. ಐಸ್ ಬೇಡ, ಕಂಬಳಿ ಹೊದಿಸುವುದೂ ಬೇಡ: ಎರಡೂ ಶಾಖವನ್ನು ಒಳಗೇ ಹಿಡಿದಿಡುತ್ತವೆ.

ಹೊಗೆ ಬಿನ್‌ನಿಂದ ಬರುತ್ತಿದ್ದರೆ ಅದನ್ನು ಪೂರ್ತಿ ತೆರೆಯಬೇಡಿ, ಗಾಳಿ ನುಗ್ಗುತ್ತದೆ. ಹಿಂಗೈಯಿಂದ ಬಿಸಿ ನೋಡಿ, ಬಾಟಲಿಯ ನಾಝಲ್ ತೂರುವಷ್ಟೇ ಸಂದು ಮಾಡಿ, ಹ್ಯಾಲಾನ್ ಹೊಡೆದು, ಮುಚ್ಚಿ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಹಾರಲು ಸಿದ್ಧವಾಗಿದ್ದ ಏರ್‌ಬಸ್ ವಿಮಾನಕ್ಕೆ ಬೆಂಕಿ ಹತ್ತಿದ್ದು ಬಿನ್‌ನಿಂದ. ಆಮೇಲೆ ಆ ದೇಶ ಪವರ್ ಬ್ಯಾಂಕನ್ನು ಬಿನ್‌ನಲ್ಲಿ ಇಡುವುದನ್ನೇ ನಿಷೇಧಿಸಿತು. ಸೀಟಿನಲ್ಲೋ ಮಡಿಲಲ್ಲೋ ಇದ್ದರೆ ಕಣ್ಣಿಗಾದರೂ ಬೀಳುತ್ತದೆ.

ಫೋನ್ ಸೀಟಿನ ಸಂದಿಗೆ ಬಿದ್ದಾಗ ಸೀಟು ಹಿಂದೆಮುಂದೆ ಆಡಿಸುವುದು ಇನ್ನೊಂದು ಎಡವಟ್ಟು. ಬ್ಯಾಟರಿ ಜಜ್ಜಿಹೋಗಿ ಕಿಡಿ ಹೊತ್ತುವುದು ಹಾಗೆಯೇ. ಪ್ರಯಾಣಿಕರನ್ನು ಎಬ್ಬಿಸಿ, ಸೀಟು ಇದ್ದಂತೆಯೇ ಇಟ್ಟು ಟಾರ್ಚ್ ಹಿಡಿದು ಹುಡುಕಿ.

ಬಿಸಿ ಇರುವಾಗ ಉಪಕರಣವನ್ನು ಮುಟ್ಟಲೂಬಾರದು, ಕದಲಿಸಲೂಬಾರದು. ಹೊಗೆ ನಿಂತು 10–15 ನಿಮಿಷವಾದ ಮೇಲೆ ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ಅಲುಗಾಡದಂತೆ ಭದ್ರ ಮಾಡಿ, ಇಳಿಯುವವರೆಗೂ ಒಬ್ಬರು ಕಣ್ಣಿಟ್ಟಿರಬೇಕು. ಒಡೆಯ ಎಷ್ಟೇ ಗೋಗರೆದರೂ ಅದನ್ನು ಕೊಡುವುದು ಅವನ ಕೈಗಲ್ಲ, ನೆಲದ ಸಿಬ್ಬಂದಿಗೆ.