ಬೋಟಿನ ಹಗ್ಗಕ್ಕೆ ಗಂಟು ಬೇಡ, ಕುಣಿಕೆ ಹೆಣೆಯಿರಿ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆ, ಗಂಗೊಳ್ಳಿ, ತದಡಿಯಲ್ಲಿ 61 ದಿನ ಬೋಟುಗಳು ಹಗ್ಗವನ್ನೇ ನಂಬಿ ನಿಂತಿರುತ್ತವೆ. ಹೊಸ ಹಗ್ಗಕ್ಕೆ ಸಾವಿರಾರು ರೂಪಾಯಿ ಸುರಿದು, ತುದಿಗೆ ಗಂಟು ಬಿಗಿದು ಹೋಗುವವರನ್ನು ಪ್ರತಿ ವರ್ಷ ನೋಡುತ್ತೇನೆ. ಗಂಟು ಬಿದ್ದಲ್ಲಿ ಹಗ್ಗದ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ತುದಿ ಬಿಚ್ಚಿ, ಅದೇ ಹಗ್ಗದೊಳಕ್ಕೆ ತೂರಿಸಿ ಸರಿಯಾಗಿ ಹೆಣೆದ ಕುಣಿಕೆಯಲ್ಲಿ ನೂರಕ್ಕೆ ಸುಮಾರು 90ರಷ್ಟು ಉಳಿಯುತ್ತದೆ.

ಕಟ್ಟಲು ನೈಲಾನೇ ಆಗಬೇಕು. ಅಲೆ ಎಳೆದಾಗ ಹಿಗ್ಗಿ ಜಗ್ಗು ತಡೆದುಕೊಳ್ಳುತ್ತದೆ. ಒದ್ದೆಯಾದರೆ ನೂರಕ್ಕೆ 10–15ರಷ್ಟು ಬಲ ಕುಂದುವುದರಿಂದ ಒಂದು ಅಳತೆ ಹೆಚ್ಚು ದಪ್ಪದ್ದೇ ತನ್ನಿ. ಪಿಪಿ (ಪಾಲಿಪ್ರೊಪಿಲೀನ್) ಹಗ್ಗ ಅಗ್ಗ, ನೀರಲ್ಲಿ ತೇಲುತ್ತದೆ. ಆದರೆ ಬಿಸಿಲಿಗೆ ಬೇಗ ಸವೆಯುತ್ತದೆ. ಉಜ್ಜಿದರೆ ಪುಡಿ ಉದುರುವಂಥದ್ದನ್ನು ಪುಕ್ಕಟೆ ಕೊಟ್ಟರೂ ಒಲ್ಲೆ ಎನ್ನಿ.

ಕುಣಿಕೆಯ ಉದ್ದ ಧಕ್ಕೆಯ (ಬೋಟು ಕಟ್ಟುವ ಕಟ್ಟೆಯ) ಗೂಟದ ಅಡ್ಡಳತೆಯ ಮೂರು ಪಟ್ಟಾದರೂ ಇರಲಿ. 24 ಮಿ.ಮೀ. ಹಗ್ಗವಾದರೆ ತುದಿಯಿಂದ 60 ಸೆಂ.ಮೀ. ಬಿಚ್ಚಿ, ಬುಡಕ್ಕೆ ಟೇಪು ಸುತ್ತಿ, ಬಿಚ್ಚಿದ ಮೂರು ಎಳೆಗಳ ತುದಿಯನ್ನೂ ನೂಲು ಚದುರದಂತೆ ಬೇರೆಬೇರೆಯಾಗಿ ಬೆಂಕಿಗೆ ಹಿಡಿದು ಕರಗಿಸಿ.

ಮೂರೂ ಎಳೆ ಒಂದೊಂದು ಸಲ ತೂರಿದರೆ ಒಂದು ಸುತ್ತು. ಎಲ್ಲರೂ ಎಡವುವುದು ಮೊದಲ ಸುತ್ತಿನಲ್ಲಿ. ಬಿಚ್ಚಿದ್ದನ್ನು ಎಳೆ ಎನ್ನೋಣ, ಹಗ್ಗದಲ್ಲಿರುವುದನ್ನು ಹುರಿ. ಹಗ್ಗವನ್ನು ಕುಣಿಕೆಯಾಗಿ ಬಾಗಿಸಿ, ಎಳೆಗಳನ್ನು ಹಗ್ಗದ ಮೇಲೆ ತಂದಿಡಿ. ಕುಣಿಕೆ ನಿಮ್ಮ ಕಡೆ, ಉದ್ದ ಹಗ್ಗ ಆಚೆ ಇರಲಿ. ನಡುವಿನ ಎಳೆಯನ್ನು ಒಂದು ಹುರಿಯ ಅಡಿ ಬಲದಿಂದ ಎಡಕ್ಕೆ, ಹೊಸೆದ ದಿಕ್ಕಿಗೆ ಎದುರಾಗಿ ತೂರಿಸಿ. ಅದು ಹೊರಬಂದ ಸಂದಿಯಲ್ಲೇ ಎಡಗಡೆಯ ಎಳೆಯನ್ನು ಹೊಗಿಸಿ, ಮುಂದಿನ ಹುರಿಯ ಅಡಿ ದಾಟಿಸಿ. ಈಗ ಮಗುಚಿ ಹಾಕಿ. ಮಗುಚಿದ ಮೇಲೆ ದಿಕ್ಕು ಮರೆತು ಮೂರನೆಯದನ್ನು ಎಡದಿಂದ ಬಲಕ್ಕೆ ತೂರಿಸುವವರೇ ಹೆಚ್ಚು. ಅದೂ ಬಲದಿಂದ ಎಡಕ್ಕೇ ಹೋಗಬೇಕು, ಉಳಿದ ಹುರಿಯ ಅಡಿಯಲ್ಲಿ. ಮೂರನ್ನೂ ಬಿಗಿಯಾಗಿ ಎಳೆದು ನೋಡಿ: ಒಂದೊಂದು ಸಂದಿಯಿಂದ ಒಂದೊಂದೇ ಎಳೆ ಹೊರಬಂದಿರಬೇಕು. ಒಂದೇ ಕಡೆ ಎರಡು ಬಂದಿದ್ದರೆ ಬಿಚ್ಚಿ ಮತ್ತೆ ಶುರುಮಾಡಿ.

ಮುಂದಿನ ಸುತ್ತುಗಳಲ್ಲಿ ಪ್ರತಿ ಎಳೆ ಒಂದು ಹುರಿಯ ಮೇಲೆ, ಮುಂದಿನ ಹುರಿಯ ಅಡಿ. ನಾರಿನ ಹಗ್ಗಕ್ಕೆ ಮೂರು ಸುತ್ತು ಸಾಕಿತ್ತು. ನೈಲಾನ್ ಜಾರುತ್ತದೆ, ಐದು ಬೇಕು. ಮೂರೇ ಸುತ್ತು ಹೆಣೆದು ಟೇಪು ಬಿಗಿದು ಕೊಡುವವರಿದ್ದಾರೆ. ಟೇಪು ಭಾರ ಹೊರುವುದಿಲ್ಲ, ಹೆಣಿಗೆಯ ತಪ್ಪನ್ನು ಮುಚ್ಚುತ್ತದೆ.

ಬೋಟಿನ ಅಂಚಿಗೆ ಹಗ್ಗ ಉಜ್ಜುವಲ್ಲಿ ನೀರಿನ ಪೈಪಿನ ತುಂಡು ತೊಡಿಸಿ. ಇದನ್ನು ಹೆಣೆಯುವ ಮೊದಲೇ ಪೋಣಿಸಿಕೊಳ್ಳಬೇಕು. ಮರೆತಿದ್ದರೆ ಉದ್ದಕ್ಕೆ ಸೀಳಿ ತೊಡಿಸಿ ಕಟ್ಟಿ. ಬಿಗಿದು ನಿಂತ ನೈಲಾನ್ ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬಡಿಯುತ್ತದೆ, ಅದರ ನೇರಕ್ಕೆ ಯಾರನ್ನೂ ನಿಲ್ಲಗೊಡಬೇಡಿ.

ಉಪ್ಪಿನ ಹರಳು ಒಳಗೊಳಗೇ ನೂಲು ಕೊಯ್ಯುತ್ತದೆ. ಆಗಾಗ ಸಿಹಿನೀರಲ್ಲಿ ತೊಳೆಯಿರಿ. ತಿಂಗಳಿಗೊಮ್ಮೆ ಹುರಿ ಬಿಡಿಸಿ ಒಳಗೆ ನೋಡಿ. ಪುಡಿ ಕಂಡರೆ ಆ ಭಾಗ ಕತ್ತರಿಸಿ, ಗಟ್ಟಿ ಇರುವಲ್ಲಿಂದ ಹೊಸ ಕುಣಿಕೆ ಹೆಣೆಯಿರಿ.